ಓದುಗರ ಓಲೆ: ರಾಯಭಾರಿಯನ್ನು ಆರಿಸುವವರು ಯಾರು?

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ, ಅಮೆರಿಕದ ಅಧ್ಯಕ್ಷರು ತಮ್ಮ ಆಪ್ತರಾದ ಸರ್ಜಿಯೊ ಗೋರ್ ಅವರನ್ನು ದೆಹಲಿಗೆ ರಾಯಭಾರಿಯನ್ನಾಗಿ ಕಳಿಸಿದ ವಿಷಯ ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಆ ಒಂದು ಸಾಲನ್ನು ಹಿಡಿದುಕೊಂಡು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಓಲೆಗಳೇ ಈ ಸಲದ ಅಂಕಣವನ್ನು ತುಂಬಿವೆ. ಬೇರೆ ವಿಷಯ ಕೇಳಿದವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ತಾಳಿಕೊಳ್ಳಬೇಕು.

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರು ರಾಯಭಾರಿಗಳನ್ನು ನೇಮಿಸುತ್ತಾರೆ. ನಮ್ಮಲ್ಲಿಯೂ ರಾಷ್ಟ್ರಪತಿಯವರ ಹೆಸರಿನಲ್ಲಿಯೇ ನೇಮಕವಾಗುತ್ತದೆ. ಹಾಗಾದರೆ ಇಬ್ಬರ ಅಧಿಕಾರವೂ ಒಂದೇ ತೂಕದ್ದೇ?
– ಪದವಿ ವಿದ್ಯಾರ್ಥಿ, ರಾಯಚೂರು

ಉತ್ತರ: ಅಲ್ಲ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪದವಿರುವುದರಿಂದ ಈ ಗೊಂದಲ ಹುಟ್ಟುತ್ತದೆ. ಕನ್ನಡ ಪತ್ರಿಕೆಗಳು ಅಲ್ಲಿಯವರನ್ನು ‘ಅಧ್ಯಕ್ಷ’ ಎಂದೂ ಇಲ್ಲಿಯವರನ್ನು ‘ರಾಷ್ಟ್ರಪತಿ’ ಎಂದೂ ಬೇರೆ ಹೆಸರಿನಿಂದ ಕರೆಯುತ್ತ ಬಂದಿರುವುದು ಜಾಣತನವೇ ಸರಿ, ಏಕೆಂದರೆ ಕೆಲಸವೂ ಬೇರೆ.

ಅಮೆರಿಕದ ಸಂವಿಧಾನದ ಎರಡನೆಯ ವಿಧಿಯ ಪ್ರಕಾರ ರಾಯಭಾರಿಯ ಹೆಸರನ್ನು ಸೂಚಿಸುವವರು ಅಧ್ಯಕ್ಷರು. ಆದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಲಹೆ ಮತ್ತು ಸಮ್ಮತಿಯಿಲ್ಲದೆ ಆ ಹೆಸರು ನೇಮಕವಾಗಿ ಮಾರ್ಪಡುವುದಿಲ್ಲ. ಹೆಸರು ಮೊದಲು ಸೆನೆಟ್‌ನ ವಿದೇಶಾಂಗ ಸಮಿತಿಗೆ ಹೋಗುತ್ತದೆ, ಅಲ್ಲಿ ಅಭ್ಯರ್ಥಿಯನ್ನು ಎಲ್ಲರೆದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತಾರೆ, ಬಳಿಕ ನೂರು ಸದಸ್ಯರ ಸದನದಲ್ಲಿ ಸರಳ ಬಹುಮತ ಸಿಗಬೇಕು. ಒಬ್ಬನೇ ಒಬ್ಬ ಸೆನೆಟರ್ ತಕರಾರು ತೆಗೆದರೂ ಮತದಾನ ತಿಂಗಳುಗಟ್ಟಲೆ ಮುಂದಕ್ಕೆ ಹೋಗಬಹುದು. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಲಾಸ್ ಏಂಜಲಿಸ್‌ನ ಮೇಯರ್ ಆಗಿದ್ದ ಎರಿಕ್ ಗಾರ್ಸೆಟ್ಟಿ ಅವರ ಹೆಸರನ್ನು ಅಧ್ಯಕ್ಷ ಬೈಡನ್ ಭಾರತಕ್ಕೆಂದು 2021ರ ಜುಲೈಯಲ್ಲಿ ಸೂಚಿಸಿದರು. ಮೇಯರ್ ಕಚೇರಿಯ ಸಹಾಯಕನೊಬ್ಬನ ದುರ್ವರ್ತನೆಯ ಆರೋಪ ಗಾರ್ಸೆಟ್ಟಿಯವರಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆಯ ಸುತ್ತ ವಿಷಯ ಜಗ್ಗಾಡಿ, ಕೊನೆಗೆ 52–42 ಮತಗಳಿಂದ ಒಪ್ಪಿಗೆ ದೊರೆತದ್ದು 2023ರ ಮಾರ್ಚ್‌ನಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯನ್ನು ಪ್ರಭಾರ ಅಧಿಕಾರಿಗಳೇ ನಡೆಸಿದರು. ಗಾರ್ಸೆಟ್ಟಿಯವರ ನಂತರ ಆರಿಸಲಾದ ಸರ್ಜಿಯೊ ಗೋರ್ ಶ್ವೇತಭವನದಲ್ಲಿ ನೇಮಕಾತಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು; 2025ರ ಆಗಸ್ಟ್‌ನಲ್ಲಿ ಹೆಸರು ಪ್ರಕಟವಾಗಿ ಅಕ್ಟೋಬರ್‌ನಲ್ಲಿಯೇ ಸೆನೆಟ್ ಒಪ್ಪಿತು.

ನಮ್ಮಲ್ಲಿ ಹಾಗಿಲ್ಲ. ಸಂವಿಧಾನದ 53ನೆಯ ವಿಧಿ ಕಾರ್ಯಾಂಗದ ಅಧಿಕಾರವನ್ನು ರಾಷ್ಟ್ರಪತಿಯವರಲ್ಲಿ ಇರಿಸುತ್ತದೆ, 74ನೆಯ ವಿಧಿ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆನ್ನುತ್ತದೆ, 77ನೆಯ ವಿಧಿ ಸರ್ಕಾರದ ಕಾರ್ಯಗಳೆಲ್ಲ ಅವರ ಹೆಸರಿನಲ್ಲಿ ನಡೆಯತಕ್ಕದ್ದು ಎಂದು ವಿಧಿಸುತ್ತದೆ. ಆದ್ದರಿಂದ ನಮ್ಮ ರಾಯಭಾರಿ ಹೊರದೇಶಕ್ಕೆ ಒಯ್ಯುವ ಅಧಿಕಾರಪತ್ರದ ಮೇಲೆ ರಾಷ್ಟ್ರಪತಿಯವರ ಸಹಿ ಇರುತ್ತದೆ, ಇಲ್ಲಿಗೆ ಬರುವ ಪರದೇಶದ ರಾಯಭಾರಿಯೂ ತನ್ನ ಪತ್ರವನ್ನು ರಾಷ್ಟ್ರಪತಿ ಭವನದಲ್ಲಿ ಅವರಿಗೇ ಒಪ್ಪಿಸುತ್ತಾನೆ. ಆದರೆ ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬ ತೀರ್ಮಾನ ವಿದೇಶಾಂಗ ಸಚಿವಾಲಯದಲ್ಲಿ, ಮುಖ್ಯ ರಾಜಧಾನಿಗಳ ವಿಷಯವಾದರೆ ಪ್ರಧಾನಿಯವರ ಮಟ್ಟದಲ್ಲಿ ಆಗಿರುತ್ತದೆ. ಸಂಸತ್ತು ಆ ಹೆಸರನ್ನು ಒರೆಗೆ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯೊಂದು ಇದೆಯಾದರೂ ಅದಕ್ಕೆ ನೇಮಕವನ್ನು ಒಪ್ಪುವ ಅಥವಾ ತಡೆಯುವ ಅಧಿಕಾರವಿಲ್ಲ. ಕುರ್ಚಿ ಎರಡು ವರ್ಷ ಖಾಲಿ ಬೀಳುವ ಅಪಾಯವನ್ನು ನಾವು ಇದರಿಂದ ತಪ್ಪಿಸಿಕೊಂಡಿದ್ದೇವೆ, ನಿಜ. ಆದರೂ ನಮ್ಮ ಪರವಾಗಿ ಮಾತಾಡಲು ಹೊರಟವರು ಯಾರು, ಏನು ಬಲ್ಲವರು ಎಂಬುದನ್ನು ಒಂದು ಮಧ್ಯಾಹ್ನವಾದರೂ ಜನಪ್ರತಿನಿಧಿಗಳೆದುರು ಕೇಳುವ ಅವಕಾಶವಿಲ್ಲದಿರುವುದು ನನಗೆ ಕೊರತೆಯಾಗಿಯೇ ಕಾಣುತ್ತದೆ.

ಪ್ರಶ್ನೆ: ಚುನಾವಣೆಗೆ ಹಣ ಕೊಟ್ಟವರಿಗೆ ಅಮೆರಿಕದ ಅಧ್ಯಕ್ಷರು ರಾಯಭಾರಿ ಹುದ್ದೆ ಕೊಡುತ್ತಾರಂತೆ. ನಮ್ಮ ನಿಗಮ–ಮಂಡಳಿಗಳ ಅಧ್ಯಕ್ಷಗಿರಿಯ ಹಾಗೆಯೇ ಇದು?
– ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ. ಕಳೆದ ಹಲವು ದಶಕಗಳಲ್ಲಿ ಅಮೆರಿಕದ ರಾಯಭಾರಿಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿ ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿನಿಂದ ಹತ್ತಿ ಬಂದ ವೃತ್ತಿಪರ ರಾಜತಾಂತ್ರಿಕರು. ಉಳಿದ ಮೂವತ್ತರಷ್ಟು ಮಂದಿ ಅಧ್ಯಕ್ಷರ ಸ್ವಂತ ಆಯ್ಕೆಯವರು. ಲಂಡನ್, ಪ್ಯಾರಿಸ್, ರೋಮ್‌ನಂಥ ಸುಖದ ಊರುಗಳು ಸಾಮಾನ್ಯವಾಗಿ ಈ ಎರಡನೆಯ ಗುಂಪಿಗೆ ಹೋಗುತ್ತವೆ, ಯುದ್ಧ–ಬರಗಾಲಗಳ ಊರುಗಳು ವೃತ್ತಿಪರರ ಪಾಲಿಗೆ ಉಳಿಯುತ್ತವೆ. ಮುಖ ನೋಡಿ ಮಣೆ ಹಾಕುವ ಈ ಪದ್ಧತಿ ಒಂದು ಪಕ್ಷದ್ದಲ್ಲ, ಎರಡೂ ಪಕ್ಷಗಳ ಅಧ್ಯಕ್ಷರು ಇದನ್ನು ನಡೆಸಿಕೊಂಡು ಬಂದಿದ್ದಾರೆ.

ಹಣ ನೇರವಾಗಿ ಕೈ ಬದಲಿಸಿದ ಪ್ರಸಂಗವೂ ದಾಖಲಾಗಿದೆ. ಅಧ್ಯಕ್ಷರಾಗಿದ್ದ ನಿಕ್ಸನ್ ಅವರ ಖಾಸಗಿ ವಕೀಲ ಹರ್ಬರ್ಟ್ ಕಾಮ್‌ಬಾಕ್, ಟ್ರಿನಿಡಾಡ್‌ನಲ್ಲಿದ್ದ ರಾಯಭಾರಿಗೆ ಒಂದು ಲಕ್ಷ ಡಾಲರ್ ದೇಣಿಗೆಯ ಬದಲಾಗಿ ಯುರೋಪಿನಲ್ಲಿ ಇನ್ನೂ ಒಳ್ಳೆಯ ಹುದ್ದೆ ಕೊಡಿಸುವ ಭರವಸೆ ಕೊಟ್ಟಿದ್ದನ್ನು 1974ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡು ಜೈಲಿಗೆ ಹೋದರು. ಬಳಿಕ 1980ರ ವಿದೇಶಾಂಗ ಸೇವಾ ಕಾಯ್ದೆಯಲ್ಲಿ, ಪ್ರಚಾರಕ್ಕೆ ಕೊಟ್ಟ ದೇಣಿಗೆ ನೇಮಕಕ್ಕೆ ಕಾರಣವಾಗಬಾರದು, ಹೋಗುವ ದೇಶದ ಭಾಷೆ, ಇತಿಹಾಸ, ಸಂಸ್ಕೃತಿಗಳ ಉಪಯುಕ್ತ ಪರಿಚಯ ಅಭ್ಯರ್ಥಿಗೆ ಇರಬೇಕು ಎಂದು ಬರೆಯಲಾಯಿತು. ಬರೆದದ್ದು ಹಾಳೆಯ ಮೇಲೆ ಉಳಿಯಿತು. ನಾರ್ವೆಗೆ ಸೂಚಿತರಾಗಿದ್ದ ಹೋಟೆಲ್ ಉದ್ಯಮಿ ಜಾರ್ಜ್ ಸೂನಿಸ್ 2014ರಲ್ಲಿ ಸೆನೆಟ್ ಸಮಿತಿಯೆದುರು ಆ ದೇಶದ ‘ಅಧ್ಯಕ್ಷ’ರ ಬಗ್ಗೆ ಮಾತಾಡಿದರು, ನಾರ್ವೆಯಲ್ಲಿರುವುದು ರಾಜ. ಅಲ್ಲಿನ ಆಳುವ ಕೂಟದಲ್ಲಿಯೇ ಇದ್ದ ಪಕ್ಷವೊಂದನ್ನು ಅವರು ಅಂಚಿನ ಗುಂಪೆಂದು ಕರೆದದ್ದು ಆ ದೇಶದವರನ್ನು ಇನ್ನಷ್ಟು ಕೆರಳಿಸಿತು. ವರ್ಷದ ಕೊನೆಗೆ ಅವರು ಹಿಂದೆ ಸರಿದರು. ಮುಂದೆ 2022ರಲ್ಲಿ ಅವರೇ ಗ್ರೀಸ್‌ಗೆ ರಾಯಭಾರಿಯಾಗಿ ಹೋದರೆಂಬುದನ್ನೂ ಹೇಳಬೇಕು.

ಇಷ್ಟು ಓದಿದ ಮೇಲೆ ಹೊರಗಿನವರೆಲ್ಲ ಅಯೋಗ್ಯರೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ, ಏಕೆಂದರೆ ದೆಹಲಿ ಕಂಡ ಅತ್ಯುತ್ತಮ ಅಮೆರಿಕನ್ ರಾಯಭಾರಿಗಳಲ್ಲಿ ಒಬ್ಬರಾದ ಜಾನ್ ಕೆನೆತ್ ಗಾಲ್‌ಬ್ರೈತ್ ವೃತ್ತಿಯಿಂದ ರಾಜತಾಂತ್ರಿಕರಲ್ಲ, ಹಾರ್ವರ್ಡ್‌ನ ಅರ್ಥಶಾಸ್ತ್ರದ ಮೇಷ್ಟರು. ಗಾಲ್‌ಬ್ರೈತ್ ಅವರನ್ನು 1961ರಲ್ಲಿ ಕಳಿಸಿದವರು ಅಧ್ಯಕ್ಷ ಕೆನಡಿ. 1962ರ ಅಕ್ಟೋಬರ್‌ನಲ್ಲಿ ಚೀನಾ ನಮ್ಮ ಮೇಲೆ ಬಿದ್ದಾಗ ವಾಷಿಂಗ್ಟನ್ ಕ್ಯೂಬಾದ ಕ್ಷಿಪಣಿಗಳ ಚಿಂತೆಯಲ್ಲಿ ಮುಳುಗಿತ್ತು, ದೆಹಲಿಯ ಕಡೆ ಕಣ್ಣು ಹಾಯಿಸಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಈಶಾನ್ಯದಲ್ಲಿ ಭಾರತ–ಚೀನಾ ಗಡಿಯೆಂದು ನಾವು ಹೇಳುವ ಮ್ಯಾಕ್‌ಮಹೋನ್ ರೇಖೆಯನ್ನು ಅಮೆರಿಕ ಒಪ್ಪುತ್ತದೆ ಎಂಬ ಘೋಷಣೆ ಆ ದಿನಗಳಲ್ಲಿ ಹೊರಬಿದ್ದದ್ದು ಗಾಲ್‌ಬ್ರೈತ್ ಅವರಿಂದ. ಇಲಾಖೆಯ ಮೆಟ್ಟಿಲುಗಳನ್ನು ಬದಿಗಿಟ್ಟು ಅಧ್ಯಕ್ಷರಿಗೇ ನೇರ ಪತ್ರ ಬರೆಯುವ ಸಲುಗೆ ಅವರಿಗಿತ್ತು, ಅದು ನೆಹರೂ ಅವರಿಗೂ ಗೊತ್ತಿತ್ತು. ಸ್ನೇಹಿತನನ್ನು ಕಳಿಸುವುದರಲ್ಲಿ ದೋಷವಿಲ್ಲ. ಆ ಸ್ನೇಹಿತನಿಗೆ ಹೋದ ಊರು ಗೊತ್ತಿದೆಯೇ, ಅವನು ಬರೆದದ್ದನ್ನು ಕಳಿಸಿದವರು ಓದುತ್ತಾರೆಯೇ ಎಂಬ ಎರಡನ್ನು ನೋಡಬೇಕು. ಸೂನಿಸ್ ಎಡವಿದ್ದು ಮೊದಲನೆಯದರಲ್ಲಿ. ಎಷ್ಟೋ ಮಂದಿ ನುರಿತ ಅಧಿಕಾರಿಗಳು ಸದ್ದಿಲ್ಲದೆ ಸೋಲುವುದು ಎರಡನೆಯದರಲ್ಲಿ.

ಪ್ರಶ್ನೆ: ಕಳಿಸಿದವರನ್ನು ನಾವು ಒಪ್ಪಿಕೊಳ್ಳಲೇಬೇಕೇ? ಬೇಡವೆನ್ನುವ ಹಕ್ಕು ಇಲ್ಲವೇ?
– ಅಕ್ಕಿ ವ್ಯಾಪಾರಿ, ಗಂಗಾವತಿ

ಉತ್ತರ: ಪೂರ್ಣ ಹಕ್ಕಿದೆ, ಕಾರಣ ಹೇಳುವ ಹಂಗೂ ಇಲ್ಲ. ರಾಜತಾಂತ್ರಿಕ ಸಂಬಂಧಗಳ ಬಗೆಗಿನ 1961ರ ವಿಯೆನ್ನಾ ಒಡಂಬಡಿಕೆಯ ನಾಲ್ಕನೆಯ ವಿಧಿಯಂತೆ, ಕಳಿಸುವ ದೇಶ ತಾನು ಆರಿಸಿದ ವ್ಯಕ್ತಿಗೆ ಬರಮಾಡಿಕೊಳ್ಳುವ ದೇಶದ ಸಮ್ಮತಿಯನ್ನು ಮುಂಚಿತವಾಗಿಯೇ ಪಡೆದಿರಬೇಕು. ಈ ಸಮ್ಮತಿಗೆ ‘ಅಗ್ರೆಮಾ’ ಎಂಬ ಫ್ರೆಂಚ್ ಹೆಸರೇ ಎಲ್ಲ ಕಡೆ ನಡೆಯುತ್ತದೆ. ನಮ್ಮ ಕಡೆ ಹೆಣ್ಣು ಕೇಳಲು ಹಿರಿಯರು ಬಹಿರಂಗವಾಗಿ ಹೊರಡುವ ಮೊದಲು, ಎರಡೂ ಮನೆಗೆ ಬೇಕಾದವರೊಬ್ಬರು ಸುಮ್ಮನೆ ಹೋಗಿ ಮನಸ್ಸು ತಿಳಿದುಕೊಂಡು ಬರುತ್ತಾರಲ್ಲ, ಬಹುಮಟ್ಟಿಗೆ ಅದೇ ಕ್ರಮ. ಇಲ್ಲವೆನ್ನಬೇಕಾದರೂ ಬಾಯಿ ಬಿಟ್ಟು ಇಲ್ಲವೆನ್ನುವುದಿಲ್ಲ, ಉತ್ತರವನ್ನೇ ಕೊಡದೆ ಕುಳಿತುಕೊಳ್ಳುತ್ತಾರೆ. ಇಸ್ರೇಲ್ 2015ರಲ್ಲಿ ಸೂಚಿಸಿದ ಡಾನಿ ದಯಾನ್, ಆಕ್ರಮಿತ ಪ್ರದೇಶದ ವಸಾಹತುಗಾರರ ನಾಯಕರಾಗಿದ್ದವರೆಂಬ ಕಾರಣಕ್ಕೆ ಬ್ರೆಜಿಲ್ ತಿಂಗಳುಗಟ್ಟಲೆ ಮೌನವಾಗಿತ್ತು. ಕೊನೆಗೆ ಇಸ್ರೇಲ್ ಅವರನ್ನು ನ್ಯೂಯಾರ್ಕ್‌ಗೆ ಕಾನ್ಸುಲ್ ಜನರಲ್ ಆಗಿ ಕಳಿಸಿ ಮುಖ ಉಳಿಸಿಕೊಂಡಿತು. ಬಂದು ಸೇರಿದ ಮೇಲೂ ಒಂಬತ್ತನೆಯ ವಿಧಿಯಡಿ ‘ಅನಪೇಕ್ಷಿತ ವ್ಯಕ್ತಿ’ ಎಂದು ಘೋಷಿಸಿ ಹಿಂದಕ್ಕೆ ಕಳಿಸಬಹುದು. ಅಲ್ಲಿಯೂ ಕಾರಣ ಹೇಳಬೇಕಾಗಿಲ್ಲ.

ಪ್ರಶ್ನೆ: ಹಂಪಿಯ ಅರಸರ ಕಾಲದಲ್ಲಿ ರಾಯಭಾರಿಗಳನ್ನು ಹೇಗೆ ಆರಿಸುತ್ತಿದ್ದರು? ಈಗ ‘ವಿಶೇಷ ಪ್ರತಿನಿಧಿ’ ಎಂದು ಕಳಿಸುತ್ತಾರಲ್ಲ, ಅಂಥವರು ಆಗಲೂ ಇದ್ದರೇ?
– ಓದುಗರು, ಕಂಪ್ಲಿ

ಉತ್ತರ: ಹೊಳೆಯ ದಂಡೆಯಲ್ಲಿ ಕುಳಿತು ಕೇಳಿದ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಬರೆಯಲು ಅಪ್ಪಣೆ ಇರಲಿ. ಕೌಟಿಲ್ಯನ ಅರ್ಥಶಾಸ್ತ್ರ ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಅಮಾತ್ಯನಿಗಿರಬೇಕಾದ ಎಲ್ಲ ಗುಣಗಳೂ ಇದ್ದು, ಸ್ಥಳದಲ್ಲಿಯೇ ತನ್ನ ವಿವೇಚನೆಯಿಂದ ಮಾತುಕತೆ ನಡೆಸಬಲ್ಲವನು ನಿಸೃಷ್ಟಾರ್ಥ. ಗುಣದಲ್ಲಿ ಕಾಲುಭಾಗ ಕಡಿಮೆಯಿದ್ದು, ಗೊತ್ತುಮಾಡಿದ ಒಂದು ಕೆಲಸಕ್ಕೆ ಮಾತ್ರ ಹೋಗುವವನು ಪರಿಮಿತಾರ್ಥ. ಅರ್ಧ ಕಡಿಮೆಯಿದ್ದು, ಕೊಟ್ಟ ಓಲೆಯನ್ನು ಮುಟ್ಟಿಸಿ ಬರುವವನು ಶಾಸನಹರ. ಇಂದಿನ ರಾಯಭಾರಿಯನ್ನು ಮೊದಲನೆಯವನಿಗೆ, ಒಂದು ಯುದ್ಧ ನಿಲ್ಲಿಸಲೋ ಒಂದು ಒಪ್ಪಂದ ಕುದುರಿಸಲೋ ಹೋಗುವ ವಿಶೇಷ ಪ್ರತಿನಿಧಿಯನ್ನು ಎರಡನೆಯವನಿಗೆ ಹೋಲಿಸಬಹುದು. ಆದರೆ ಕೌಟಿಲ್ಯನ ಲೆಕ್ಕ ಈಗ ತಲೆಕೆಳಗಾದಂತಿದೆ. ಪರಿಮಿತಾರ್ಥನೇ ಹಲವು ಸಲ ನಿಸೃಷ್ಟಾರ್ಥನಿಗಿಂತ ಬಲಶಾಲಿಯಾಗಿರುತ್ತಾನೆ. 1941ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಲಂಡನ್‌ಗೆ ಕಳಿಸಿದ ಹ್ಯಾರಿ ಹಾಪ್ಕಿನ್ಸ್‌ಗೆ ರಾಯಭಾರಿಯ ಪದವಿ ಇರಲಿಲ್ಲ, ಆರೋಗ್ಯವೂ ನೆಟ್ಟಗಿರಲಿಲ್ಲ. ಆದರೂ ಆತನ ಮಾತೆಂದರೆ ರೂಸ್‌ವೆಲ್ಟ್ ಮಾತೆಂದು ಚರ್ಚಿಲ್ ನಂಬಿದರು, ಕೆಲಸ ಆಯಿತು.

ಆ ನಂಬಿಕೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಹಂಪಿಯಲ್ಲಿಯೇ ಇದೆ. ಈಗಿನ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಆಳುತ್ತಿದ್ದ ತೈಮೂರನ ಮಗ ಶಾರೂಖನ ದೂತ ಅಬ್ದುಲ್ ರಜಾಕ್, ಕಲ್ಲಿಕೋಟೆಗೆಂದು ಬಂದವನು, ಎರಡನೆಯ ದೇವರಾಯನ ಕರೆಯ ಮೇರೆಗೆ ಮಂಗಳೂರಿನ ದಾರಿಯಾಗಿ 1443ರಲ್ಲಿ ವಿಜಯನಗರ ಸೇರಿದ. ಅರಸನ ಕಡೆಯಿಂದ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ವರಹ ತನಗೆ ಬರುತ್ತಿದ್ದವೆಂದು ಅವನೇ ಬರೆದಿಟ್ಟಿದ್ದಾನೆ. ಈ ಆದರ ಕಂಡು ಹೊಟ್ಟೆ ಉರಿದ, ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ನ ವರ್ತಕರು, ಈತ ಶಾರೂಖನು ಕಳಿಸಿದ ನಿಜವಾದ ದೂತನೇ ಅಲ್ಲವೆಂದು ಸುದ್ದಿ ಹಬ್ಬಿಸಿದರು. ಅದು ಆಸ್ಥಾನದವರೆಗೂ ಮುಟ್ಟಿ, ಬರುತ್ತಿದ್ದ ಮರ್ಯಾದೆಗೆ ಕತ್ತರಿ ಬಿತ್ತು. ಮನುಷ್ಯ ಅವನೇ, ವಿದ್ಯೆ ಅದೇ; ಕಳಿಸಿದವರ ಬೆನ್ನಾಸರೆ ಇದೆಯೇ ಎಂಬ ಅನುಮಾನವೊಂದು ಬಿದ್ದಕೂಡಲೇ ಅಡುಗೆಮನೆಯ ಸಾಮಾನು ಸಹ ಕಡಿಮೆಯಾಯಿತು. ಇಂದು ರಾಷ್ಟ್ರಪತಿ ಭವನದಲ್ಲಿ ನಡೆಯುವ ಅಧಿಕಾರಪತ್ರ ಸಲ್ಲಿಕೆಯನ್ನು ಬರೀ ಒಣ ಆಡಂಬರವೆಂದು ನಗುವವರು ರಜಾಕನ ಈ ಫಜೀತಿಯನ್ನು ನೆನೆಯಬೇಕು.

ದೂತನ ಮೂಲಕ ಅವಮಾನ ಕಳಿಸಿದ ಕಥೆ ರಾಯಚೂರಿನವರಿಗೆ ಗೊತ್ತೇ ಇರುತ್ತದೆ. 1520ರ ಯುದ್ಧದಲ್ಲಿ ರಾಯಚೂರು ಕಳೆದುಕೊಂಡ ಇಸ್ಮಾಯಿಲ್ ಆದಿಲ್‌ಶಾಹನ ದೂತ ಕೋಟೆ, ಫಿರಂಗಿ, ಕುದುರೆಗಳನ್ನು ಮರಳಿ ಕೇಳಲು ಬಂದಾಗ, ಕೃಷ್ಣದೇವರಾಯ ಅವನನ್ನು ಬಹಳ ದಿನ ಕಾಯಿಸಿ, ನಿನ್ನ ಒಡೆಯ ಬಂದು ನನ್ನ ಪಾದಕ್ಕೆ ಮುತ್ತಿಟ್ಟರೆ ಎಲ್ಲವನ್ನೂ ಕೊಡುತ್ತೇನೆಂದು ಹೇಳಿ ಕಳಿಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆಯುತ್ತಾನೆ. ಅಂಥ ಉತ್ತರವನ್ನು ಹೊತ್ತು ಬಿಜಾಪುರದ ದಾರಿ ಹಿಡಿದ ಆ ದೂತನ ಬಗ್ಗೆ ನನಗೆ ಯಾವಾಗಲೂ ಮರುಕ.

ಪ್ರಶ್ನೆ: ನಾನು ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ನಮ್ಮ ದೇಶದಲ್ಲಿ ರಾಯಭಾರಿಯಾಗಲು ವಿದೇಶಾಂಗ ಸೇವೆಯೊಂದೇ ದಾರಿಯೇ? ಕನ್ನಡ ನಾಡಿನ ಹೆಣ್ಣುಮಕ್ಕಳು ಯಾರಾದರೂ ಆಗಿದ್ದಾರೆಯೇ?
– ಓದುಗರು, ಸಿಂಧನೂರು

ಉತ್ತರ: ಒಂದೇ ದಾರಿಯಲ್ಲ, ಆದರೆ ಹೆದ್ದಾರಿ ಅದೇ. ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ಸೇವೆ ಇನ್ನೂ ಎಳೆಯದಾಗಿದ್ದರಿಂದ ಹೊರಗಿನವರನ್ನು ಧಾರಾಳವಾಗಿ ಆರಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ 1949ರಿಂದ ಮಾಸ್ಕೊದಲ್ಲಿದ್ದರು, ವಿಜಯಲಕ್ಷ್ಮಿ ಪಂಡಿತ್ ಮಾಸ್ಕೊ, ವಾಷಿಂಗ್ಟನ್, ಲಂಡನ್ ಮೂರನ್ನೂ ನೋಡಿದರು. ನಮ್ಮ ಕರಾವಳಿಯ ಬೆನಗಲ್ ರಾಮರಾವ್ ಅವರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗುವ ಮೊದಲು ಅಮೆರಿಕದಲ್ಲಿ ರಾಯಭಾರಿಯಾಗಿದ್ದರು. ಅವರ ಅಣ್ಣ ಬೆನಗಲ್ ನರಸಿಂಗರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಈಗ ಹಾಗೆ ಹೊರಗಿನಿಂದ ಬರುವವರು ಬೆರಳೆಣಿಕೆಯಷ್ಟು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು, 1970ರಲ್ಲಿ ಹಂಗರಿಗೆ ಹೋಗಿ ಸೇವೆಯೊಳಗಿನಿಂದಲೇ ರಾಯಭಾರಿಯಾದ ಮೊದಲ ಭಾರತೀಯ ಮಹಿಳೆಯೂ ಆದರು. ಆ ಕಾಲದ ಸೇವಾ ನಿಯಮಗಳಂತೆ ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆಯನ್ನೂ ಕೊಡಬೇಕಿತ್ತು. ಗಂಡಸರಿಗೆ ಇಂಥ ಕಟ್ಟಳೆ ಇರಲಿಲ್ಲ. ತಮಗೆ ಬಡ್ತಿ ತಪ್ಪಿದಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಆ ನಿಯಮಗಳನ್ನು ಕಟುವಾಗಿ ಟೀಕಿಸಿತು. ಅಷ್ಟರೊಳಗೆ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿದ್ದರಿಂದ ಅರ್ಜಿಯನ್ನೇನೋ ವಜಾ ಮಾಡಿದರು, ಆದರೆ ಅವರ ಹಿರಿತನವನ್ನು ಮರುಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿದರು. ರಾಯಭಾರಿಯ ಆಯ್ಕೆಯೆಂದರೆ ಮೇಲೆ ಕುಳಿತವರು ಪಟ್ಟಿಯಿಂದ ಒಂದು ಹೆಸರನ್ನು ಎತ್ತುವುದಷ್ಟೇ ಅಲ್ಲ. ಆ ಪಟ್ಟಿಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂಬುದು ಅದಕ್ಕಿಂತ ಬಹಳ ಮೊದಲೇ ತೀರ್ಮಾನವಾಗಿರುತ್ತದೆ. ಪರೀಕ್ಷೆ ಚೆನ್ನಾಗಿ ಬರೆಯಿರಿ.

ಪ್ರಶ್ನೆ: ಹೊಸ ರಾಯಭಾರಿ ಬಂದ ಮೇಲೆ ಹೈದರಾಬಾದಿನಲ್ಲಿ ನಮ್ಮ ಮಗನ ವೀಸಾ ಬೇಗ ಆಗಬಹುದೇ? ಅವರಿಗೇ ಅರ್ಜಿ ಬರೆಯಬಹುದೇ?
– ಗೃಹಿಣಿ, ಮಾನ್ವಿ

ಉತ್ತರ: ಬರೆಯಬಹುದಮ್ಮ, ಆದರೆ ಪ್ರಯೋಜನವಾಗದು. ಅಮೆರಿಕದ ಕಾನೂನಿನಲ್ಲಿ ವೀಸಾ ಕೊಡುವ ಅಥವಾ ನಿರಾಕರಿಸುವ ಅಧಿಕಾರ ವೀಸಾ ಕೆಲಸ ನೋಡುವ ಕಾನ್ಸುಲರ್ ಅಧಿಕಾರಿಗಳದು. ರಾಯಭಾರಿ ನಡುವೆ ಬಾಯಿ ಹಾಕಿ ಒಬ್ಬರ ವೀಸಾ ಮಾಡಿಸಿಕೊಡುವಂತಿಲ್ಲ. ಮಾಡಿಸಿಕೊಡುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ನಮ್ಮ ತಂದೆಯವರು ಮುಂಡರಗಿ ಶಿಬಿರದಲ್ಲಿದ್ದು ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಭಾಗವಹಿಸಿದ್ದರು. ಆಗ ನಿಜಾಮರ ಬಳಿ ಭಾರತದ ರಾಯಭಾರಿಯಾಗಿ ಮುನ್ಷಿಯವರು ಇದ್ದರೆಂದು ಹೇಳುತ್ತಿದ್ದರು. ಭಾರತದ ನಡುವೆಯೇ ಭಾರತದ ರಾಯಭಾರಿ ಇರಲು ಸಾಧ್ಯವೇ?
– ಹಿರಿಯ ಓದುಗರು, ಕೊಪ್ಪಳ

ಉತ್ತರ: ತಮ್ಮ ತಂದೆಯವರ ನೆನಪು ಸರಿ, ಪದವಿಯ ಹೆಸರು ಮಾತ್ರ ಬೇರೆ. 1947ರ ನವೆಂಬರ್ 29ರಂದು ಭಾರತಕ್ಕೂ ಹೈದರಾಬಾದಿಗೂ ಆದ ಯಥಾಸ್ಥಿತಿ ಒಪ್ಪಂದದಲ್ಲಿ ಎರಡೂ ಕಡೆಯವರು ಒಬ್ಬೊಬ್ಬ ಪ್ರತಿನಿಧಿಯನ್ನು ಇರಿಸಿಕೊಳ್ಳಬೇಕೆಂದಿತ್ತು. ಅದರಂತೆ ಭಾರತ ಕೆ.ಎಂ. ಮುನ್ಷಿಯವರನ್ನು ಕಳಿಸಿತು. ಅವರನ್ನು ರಾಯಭಾರಿ ಎಂದು ಕರೆದಿದ್ದರೆ ಹೈದರಾಬಾದ್ ಸ್ವತಂತ್ರ ದೇಶವೆಂದು ನಾವೇ ಒಪ್ಪಿದಂತಾಗುತ್ತಿತ್ತು. ಹಾಗೆಂದೇ ‘ಏಜೆಂಟ್ ಜನರಲ್’ ಎಂಬ ಪದವನ್ನು ಇಟ್ಟರು. ರಾಯಚೂರು, ಕೊಪ್ಪಳಗಳು ಆಗ ನಿಜಾಮರ ಸೀಮೆಯಲ್ಲಿದ್ದವು, ಬಳ್ಳಾರಿ ಮದ್ರಾಸಿಗೆ ಸೇರಿತ್ತು ಎಂಬುದನ್ನು ಎಳೆಯ ಓದುಗರಿಗಾಗಿ ಹೇಳಿಬಿಡುತ್ತೇನೆ.

ಈ ಆಯ್ಕೆಯೂ ನಾವು ಮೇಲೆ ಮಾತಾಡಿದ ಬಗೆಯದೇ. ಮುನ್ಷಿ ವಿದೇಶಾಂಗ ಸೇವೆಯವರಲ್ಲ, ಮುಂಬಯಿಯ ವಕೀಲರು, ಗುಜರಾತಿ ಲೇಖಕರು, ಕಾಂಗ್ರೆಸ್ಸಿಗರು, ಸರ್ದಾರ್ ಪಟೇಲರ ವಿಶ್ವಾಸಕ್ಕೆ ಪಾತ್ರರಾದವರು. ಮುನ್ಷಿಯವರೊಡನೆ ಆಡಿದ ಮಾತು ನೇರ ಪಟೇಲರನ್ನು ಮುಟ್ಟುತ್ತದೆಂದು ಹೈದರಾಬಾದಿನ ಮಂತ್ರಿಗಳಿಗೆ ಗೊತ್ತಿತ್ತು, ಅವರ ಬಗ್ಗೆ ಅಲ್ಲಿನ ಸರ್ಕಾರಕ್ಕಿದ್ದ ಅಸಮಾಧಾನಕ್ಕೂ ಅದೇ ಕಾರಣ. ಅವರು ಮೊದಲಿಗೆ ಬಿಡಾರ ಮಾಡಿದ್ದು ಭಾರತ ಸೇನೆಗೆ ಸೇರಿದ್ದ ಬೊಲಾರಂನ ಕಟ್ಟಡದಲ್ಲಿ. 1948ರ ಸೆಪ್ಟೆಂಬರ್ 13ರಂದು ಹೈದರಾಬಾದಿನ ಮೇಲೆ ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ ಆರಂಭವಾದಾಗ ಅವರನ್ನು ಮನೆಯಲ್ಲಿಯೇ ಕಾವಲಿನಲ್ಲಿಟ್ಟರು. ನಾಲ್ಕು ದಿನಗಳ ನಂತರ, 17ರಂದು, ಹೈದರಾಬಾದಿನ ಪ್ರಧಾನಿ ಲಾಯಕ್ ಅಲಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆಗ ನಿಜಾಮರು ಹೇಳಿ ಕಳಿಸಿ ಕರೆಸಿಕೊಂಡದ್ದು ಅದೇ ಮುನ್ಷಿಯವರನ್ನು. ಅದಾದ ಕೆಲವೇ ದಿನಗಳಲ್ಲಿ ಹೈದರಾಬಾದಿನ ಆಡಳಿತ ಸೇನಾ ಗವರ್ನರ್ ಕೈಗೆ ಹೋಗಿ, ಏಜೆಂಟ್ ಜನರಲ್‌ಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಮುನ್ಷಿಯವರು ಹುದ್ದೆ ಬಿಟ್ಟು ದೆಹಲಿಗೆ ಮರಳಿದರು.